ಆಳಂದಕ್ಕೆ ಹೋಗಿ ಬಂದ ಶಮಾದಾನ

ನನ್ನ ತವರಿನಿಂದ ಬಂದ ಹಿತ್ತಾಳೆಯ ಶಮಾದಾನಗಳು ಎರಡು. ಅವುಗಳಲ್ಲಿ ಒಂದು ಆಳಂದಕ್ಕೆ, ಮಗಳ ಮನೆಗೆ ಹೋಗಿ ಹನ್ನೆರಡು ದಿನಕ್ಕೆ ವಾಪಸ್ ಬಂತು. ಬರುವಾಗ ಹಗುರಾಗಿ ಬಂತು. ನಾನು ಯಾರ ಮೇಲೆ ಗುಮಾನಿ ಪಟ್ಟೆ, ಯಾಕೆ ಪಟ್ಟೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಓದಿದವರು ಬೈದರೆ ಬೈಯಲಿ.

ಶಮಾದಾನ ಅಂದರೆ ಮೇಣಬತ್ತಿ ನಿಲ್ಲಿಸುವ ಕಂಬ. ಈಗಿನವರಿಗೆ ಇದನ್ನೂ ಹೇಳಬೇಕಾಗುತ್ತದೆ. ಕೆಳಗೆ ಅಗಲವಾದ ಪಾದ, ಅದರ ಮೇಲೆ ಜೋಳದ ದಂಟಿನ ಹಾಗೆ ಗಣಿಕೆ ಗಣಿಕೆಯಾಗಿ ಏರುವ ಕಾಂಡ, ತುದಿಗೆ ಒಂದು ಬಟ್ಟಲು, ಬಟ್ಟಲಿನ ನಡುವೆ ಬತ್ತಿ ಸಿಗಿಸುವ ಕೊಳವೆ. ಒಂದು ಗೇಣು ನಾಲ್ಕು ಬೆರಳು ಎತ್ತರ. ನಿಜಾಮನ ಕಾಲದಲ್ಲಿ ದೊಡ್ಡವರ ವಾಡೆಗಳಲ್ಲಿ ಇಂಥವು ಇರುತ್ತಿದ್ದವಂತೆ. ನಮ್ಮದು ವಾಡೆ ಅಲ್ಲ. ಅಫಜಲಪುರದ ಕಡೆ, ಮಣ್ಣೂರಿನ ಹತ್ತಿರ, ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ ಎರಡು ಅಂಕಣದ ಮಣ್ಣಿನ ಮಾಳಿಗೆ. ಅಲ್ಲಿಗೆ ಶಮಾದಾನ ಹೇಗೆ ಬಂದವು ಎಂದು ಯಾರೂ ನನಗೆ ಸರಿಯಾಗಿ ಹೇಳಲಿಲ್ಲ. ನಮ್ಮ ಮುತ್ಯಾ, ಅಂದರೆ ಅಜ್ಜ, ಒಬ್ಬ ಜಾಗೀರದಾರರ ಮನೆಯಲ್ಲಿ ಬಂಡಿ ಹೊಡೆಯುತ್ತಿದ್ದ. ಆ ಮನೆಯವರು ಊರು ಬಿಟ್ಟು ಹೋಗುವಾಗ ಅವನಿಗೆ ಕೊಟ್ಟರು ಎಂದು ಅಪ್ಪ ಹೇಳುತ್ತಿದ್ದ. ಕೊಟ್ಟರೋ, ಬಂಡಿಯಲ್ಲಿ ಮರೆತರೋ, ಮುತ್ಯಾನೇ ಮರೆಸಿದನೋ, ದೇವರಿಗೆ ಗೊತ್ತು. ಕೇಳಿದರೆ ಅವ್ವ ಒಂದೇ ಮಾತು ಹೇಳುತ್ತಿದ್ದಳು.

"ಉಂಡ ಮನಿ ಜಂತಿ ಎಣಿಸಬ್ಯಾಡ."

ನಾನು ಎಣಿಸುವವಳೇ. ಸಣ್ಣವಳಿದ್ದಾಗಿನಿಂದ ಹಾಗೆ.

ಆ ಮನೆಯಲ್ಲಿ ನಾನು ಇರುವವರೆಗೆ ಶಮಾದಾನದ ಕೊಳವೆಗೆ ಒಂದೇ ಒಂದು ಮೇಣಬತ್ತಿ ಇಳಿದದ್ದನ್ನು ನೋಡಲಿಲ್ಲ. ಮೇಣಬತ್ತಿ ಸಾಹೇಬರ ಬೆಳಕು, ನಮಗೆ ಯಾಕೆ ಬೇಕು. ಅವ್ವ ಬಟ್ಟಲಿನ ಮೇಲೆ ಮಣ್ಣಿನ ಪಣತಿ ಇಟ್ಟು, ಕುಸುಬಿ ಎಣ್ಣೆ ಹಾಕಿ, ಸೋಮವಾರ ಮತ್ತು ಅಮಾವಾಸ್ಯೆಗೆ ದೇವರ ಮುಂದೆ ಹಚ್ಚುತ್ತಿದ್ದಳು. ಉಳಿದ ದಿನ ಅಡುಗೆ ಮನೆಗೆ ಚಿಮಣಿ, ಪಡಸಾಲೆಗೆ ಕಂದೀಲು. ಚಿಮಣಿಯನ್ನು ಗೋಡೆಯ ಮಾಡದಲ್ಲಿ ಇಡುತ್ತಿದ್ದೆವು. ಮಾಡದ ಮೇಲಿನ ಗೋಡೆ ಎಮ್ಮೆಯ ಬೆನ್ನಿನ ಹಾಗೆ ಕಪ್ಪಗಿತ್ತು. ಬೆಳಿಗ್ಗೆ ಎದ್ದು ಮೂಗು ಒರೆಸಿದರೆ ಮಸಿಯೇ ಬರುತ್ತಿತ್ತು. ಕಂದೀಲಿನ ಗಾಜು ಒರೆಸುವುದು ನನ್ನ ಪಾಲಿನ ಕೆಲಸ, ಯಾಕೆಂದರೆ ನನ್ನ ಕೈ ಸಣ್ಣದು, ಗಾಜಿನೊಳಗೆ ಹೋಗುತ್ತಿತ್ತು. ಮೂರನೆಯ ಇಯತ್ತೆಗೆ ಶಾಲೆ ಬಿಡಿಸಿದರು. ಕೈ ದೊಡ್ಡದಾದ ಮೇಲೆ ಗಾಜಿನ ಕೆಲಸವನ್ನೂ ಬಿಡಿಸಿ ತಂಗಿಗೆ ಕೊಟ್ಟರು. ಹಳೆಯ ದೀಪ ಬಹಳ ಚೆಂದ ಇತ್ತು ಎಂದು ಈಗ ಯಾರಾದರೂ ನನ್ನ ಮುಂದೆ ಹೇಳಿದರೆ, ಒಂದು ವಾರ ಚಿಮಣಿಯ ಬುಡದಲ್ಲಿ ಕೂತು ಅಕ್ಕಿ ಆರಿಸು ಎಂದು ಹೇಳುತ್ತೇನೆ.

ಶಮಾದಾನದ ವಿಷಯದಲ್ಲಿ ಅವ್ವನ ಕಟ್ಟಳೆ ಬಹಳ. ಸಂಜೆ ಮೇಲೆ ಹೊರಗೆ ತೆಗೆಯಬಾರದು. ಬಂದವರಿಗೆ ತೋರಿಸಬಾರದು. ಒಲೆಯ ಹತ್ತಿರ ತರಬಾರದು, ದೇವರ ಸಾಮಾನು. ಬಿಸಿನೀರು ಹಾಕಬಾರದು; ಬೂದಿ, ಹುಣಸೆಹಣ್ಣು, ತಣ್ಣೀರು ಅಷ್ಟೇ. ತೊಳೆದ ಮೇಲೆ ಬಿಸಿಲಿಗೆ ಇಡಬಾರದು. ಎರಡನ್ನೂ ಕೂಡಿಯೇ ಮನೆಯ ಹೊರಗೆ ಕಳಿಸಬಾರದು. ಮತ್ತು ಕೈಗಡ ಹೋದ ಯಾವುದೇ ಸಾಮಾನು ವಾಪಸ್ ಬಂದರೆ ಅದನ್ನು ನೆಲಕ್ಕೆ ಇಡುವ ಮೊದಲು ಎರಡೂ ಕೈಯಲ್ಲಿ ಹಿಡಿದು ಒಂದು ಉಸಿರು ನಿಲ್ಲಬೇಕು. "ಕಣ್ಣಿಗೆ ಕೇಳಬ್ಯಾಡ, ಕೈಗೆ ಕೇಳು" ಎನ್ನುತ್ತಿದ್ದಳು. ಕಣ್ಣಿಗೆ ಹೊಳಪು ತೋರಿಸಿ ಮೋಸ ಮಾಡಬಹುದು, ಕೈಗೆ ಆಗುವುದಿಲ್ಲ ಎಂದು ಅವಳ ನಂಬಿಕೆ. ಅದು ನನ್ನ ನಂಬಿಕೆಯೂ ಆಯಿತು.

ಮದುವೆಯಾಗಿ ಜೇವರ್ಗಿ ಸೀಮೆಗೆ ಬಂದಾಗ ನನ್ನ ಜೊತೆಗೆ ಬಂದ ಸಾಮಾನು ಬಡವರ ಸಾಮಾನು. ತಂಬಿಗೆ ತೆಳ್ಳಗೆ, ಪರಾತ ತೆಳ್ಳಗೆ. ನಮ್ಮ ಅತ್ತೆ ಒಂದೊಂದನ್ನೂ ಎತ್ತಿ ಎತ್ತಿ ಇಟ್ಟು ಮುಖ ಸಿಂಡರಿಸುತ್ತ ಬಂದವಳು ಶಮಾದಾನ ಎತ್ತಿದಾಗ ಎರಡನೇ ಕೈಯನ್ನೂ ಹಚ್ಚಬೇಕಾಯಿತು. "ತುಂಬಿದ ಕೊಡದಂಗ ಅದಲ್ಲ" ಎಂದು ನೆರೆದ ಹೆಂಗಸರ ಕಡೆ ನೋಡಿದಳು. ಆ ದಿನದಿಂದ ನನ್ನ ತವರಿನ ಬಗ್ಗೆ ಆ ಮನೆಯಲ್ಲಿ ಯಾರೂ ಹಗುರವಾಗಿ ಮಾತಾಡಲಿಲ್ಲ. ನಾನು ಆ ತೂಕದ ಮೇಲೆ ಕಾಲೂರಿದವಳು. ಅತ್ತೆ ಸತ್ತ ಮೇಲೂ ಯಾರಾದರೂ ಬಂದರೆ ಶಮಾದಾನ ಕೆಳಗಿಳಿಸಿ, ಎತ್ತಿ ನೋಡ್ರಿ, ಗಟ್ಟಿ ಹಿತ್ತಾಳೆ ಎಂದು ಅವರ ಕೈಗೆ ಕೊಡುತ್ತಿದ್ದೆ. ತೋರಿಸಬಾರದು ಎಂಬ ಅವ್ವನ ಕಟ್ಟಳೆಯನ್ನು ನಾನು ಅಷ್ಟರಮಟ್ಟಿಗೆ ಮುರಿದೆ.

ಈಗ ನಾವು ಜೇವರ್ಗಿ ಊರಿನಲ್ಲೇ ಇದ್ದೇವೆ, ನಾನು, ಮಗ, ಸೊಸೆ. ಮಗಳನ್ನು ಆಳಂದಕ್ಕೆ ಕೊಟ್ಟು ಇಪ್ಪತ್ತಾರು ವರ್ಷ ಆಯಿತು. ಹೋದ ವರ್ಷ ಅವಳ ಮಗಳಿಗೆ, ಅಂದರೆ ನನ್ನ ಮೊಮ್ಮಗಳಿಗೆ, ನಿಶ್ಚಯ. ಮೊಮ್ಮಗಳು ಬಂದು ಕೂತು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಹುಡುಗ ಹುಡುಗಿ ಕೂರುವ ಜಾಗದಲ್ಲಿ ಹಳೆಯ ಕಾಲದ ಸಾಮಾನು ಇಟ್ಟು ಫೋಟೋ ಹೊಡೆಸುವುದು ಈಗ ರೂಢಿಯಂತೆ. ನಾವು ಮಸಿಗೆ ಬೇಸತ್ತು ಅಟ್ಟಕ್ಕೆ ಎಸೆದ ಕಂದೀಲು ಈಗ ಹೊಟ್ಟೆಯೊಳಗೆ ಬಲ್ಬು ಹಾಕಿಸಿಕೊಂಡು ಮಂಟಪದಲ್ಲಿ ತೂಗುತ್ತದೆ. ಅವಳಿಗೆ ನನ್ನ ಶಮಾದಾನ ಬೇಕು, ಎರಡೂ ಬೇಕು.

ಒಂದೇ ಕೊಡುತ್ತೇನೆ ಎಂದೆ. ಜೋಡಿ ಇದ್ದರೇ ಚೆಂದ ಎಂದು ಅವಳು ಗೋಗರೆದಳು. ಎರಡೂ ಹೋದರೆ ಎರಡೂ ಹೋದಂತೆ ಎಂದು ಒಂದನ್ನೇ ಸೀರೆಯಲ್ಲಿ ಸುತ್ತಿ ನಾನೇ ಹೊತ್ತುಕೊಂಡು ಆಳಂದಕ್ಕೆ ಹೋದೆ. ಮೊಮ್ಮಗಳಿಗೆ ಹತ್ತು ಮಾತು ಹೇಳಿದೆ. ಬಾಗಿಲ ಹತ್ತಿರ ಇಡಬೇಡ, ಫೋಟೋದವನ ಕೈಗೆ ಕೊಡಬೇಡ, ಮಂಟಪದವನು ತನ್ನ ಸಾಮಾನಿನ ಜೊತೆ ಕಟ್ಟಿಕೊಂಡು ಹೋಗದಂತೆ ನೋಡು. ಹತ್ತೂ ಮಾತು ಕಳ್ಳರ ಬಗ್ಗೆ.

ನಿಶ್ಚಯದ ದಿನ ಕೊಳವೆಗೆ ಮೇಣಬತ್ತಿ ಸಿಗಿಸಿದರು. ನನ್ನ ಜನ್ಮದಲ್ಲಿ ಮೊದಲ ಸಲ ಅದು ತನ್ನ ಹುಟ್ಟಿನ ಕೆಲಸ ಮಾಡಿತು. ಫ್ಯಾನಿನ ಗಾಳಿಗೆ ಮೇಣ ಒಂದೇ ಕಡೆ ಸುರಿದು, ಬಟ್ಟಲು ತುಂಬಿ, ಕಾಂಡದ ಗಣಿಕೆಗಳ ಮೇಲೆ ಇಳಿದು ಗಟ್ಟಿಯಾಯಿತು. ಕಾರ್ಯ ಮುಗಿದ ಮೇಲೆ ನಾನು ಅದನ್ನು ಸುತ್ತಿಕೊಳ್ಳಲು ಹೋದರೆ ಬೀಗತಿ ತಡೆದಳು. ಬೀಗತಿ, ಅಂದರೆ ಮಗಳ ಅತ್ತೆ. ಎದುರಿಗೆ ನಾನು ಅವಳಿಗೆ 'ರಿ' ಹಚ್ಚಿಯೇ ಮಾತಾಡುತ್ತೇನೆ. ನನಗಿಂತ ಎರಡು ವರ್ಷ ಸಣ್ಣವಳು, ಬರೆಯುವಾಗ ಅವಳು ಎಂದರೆ ನಡೆಯುತ್ತದೆ. ಹೊಲಸಾದ ಸಾಮಾನನ್ನು ಹಾಗೆಯೇ ವಾಪಸ್ ಕೊಟ್ಟರೆ ನಮ್ಮ ಮನೆಗೆ ಕಮ್ಮಿ, ತೊಳೆದು ಕಳಿಸುತ್ತೇವೆ ಎಂದಳು. ಇದು ನಮ್ಮ ಕಡೆ ಎಲ್ಲರ ಮನೆಯ ಪದ್ಧತಿ. ಬೇಡ ಎನ್ನಲು ಬರುವುದಿಲ್ಲ, ಬೇಡ ಎಂದರೆ ನಂಬಿಕೆ ಇಲ್ಲ ಎಂದ ಹಾಗೆ. ನಂಬಿಕೆ ಇರಲೂ ಇಲ್ಲ. ಅವಳ ತಮ್ಮನದು ಅಲ್ಲೇ ಪೇಟೆಯಲ್ಲಿ ಭಾಂಡೆ ಅಂಗಡಿ. ಹಳೆಯ ಹಿತ್ತಾಳೆ ತೂಕಕ್ಕೆ ಹಾಕಿಕೊಂಡು ಹೊಸ ಸ್ಟೀಲು ಕೊಡುವ ಅಂಗಡಿ. ನಿಶ್ಚಯದ ದಿನ ಆ ತಮ್ಮ ಶಮಾದಾನದ ಮುಂದೆ ಎರಡು ಸಲ ನಿಂತದ್ದನ್ನು ನಾನು ನೋಡಿದ್ದೆ. ಆದರೂ ಬಿಟ್ಟು ಬಂದೆ.

ಹನ್ನೆರಡನೆಯ ದಿನ ಮಗ ಯಾವುದೋ ಕೆಲಸಕ್ಕೆ ಆಳಂದಕ್ಕೆ ಹೋದವನು ತಂದುಕೊಟ್ಟ. ಸಾಮಾನು ಖಾಲಿ ವಾಪಸ್ ಬರಬಾರದು ಎಂದು ಬೀಗತಿ ಅದರ ಜೊತೆ ತೊಗರಿಬೇಳೆ ಕಳಿಸಿದ್ದಳು. ಒಂದು ಹಿಡಿ ಅಲ್ಲ, ನಾಲ್ಕು ಸೇರು. ಆಗಲೇ ನನಗೆ ಅನುಮಾನ. ಹಿಡಿ ಬೇಳೆ ಕೊಡುವ ಜಾಗದಲ್ಲಿ ನಾಲ್ಕು ಸೇರು ಕೊಡುವವರು ಏನನ್ನೋ ಮುಚ್ಚುತ್ತಿರುತ್ತಾರೆ.

ಬಟ್ಟೆ ಬಿಚ್ಚಿ ಎರಡೂ ಕೈಯಲ್ಲಿ ಎತ್ತಿದೆ. ಕೈ ಮೇಲಕ್ಕೆ ಹಾರಿತು. ಭಾರ ಎಂದು ತಿಳಿದು ಖಾಲಿ ಕೊಡ ಎತ್ತಿದರೆ ಹೇಗೆ ಹಾರುತ್ತದೆಯೋ ಹಾಗೆ. ಕೆಳಗಿಟ್ಟು ಮನೆಯಲ್ಲಿದ್ದ ಇನ್ನೊಂದನ್ನು ಎತ್ತಿದೆ. ಅದು ಇದ್ದ ಹಾಗೇ ಇತ್ತು. ಬೆರಳಿನ ಗಂಟಿನಿಂದ ಪಾದದ ಮೇಲೆ ಬಡಿದೆ. ಮನೆಯದು ದಬ್ ಎಂದಿತು, ಆಳಂದದಿಂದ ಬಂದದ್ದು ಟಣ್ ಎಂದಿತು. ತಿರುವಿ ಹಾಕಿ ಅಡಿ ನೋಡಿದೆ. ಎರಡಕ್ಕೂ ಅಡಿಯಲ್ಲಿ ತಗಡಿನ ಬಿಲ್ಲೆ ಇದೆ. ಬಂದದ್ದರ ಬಿಲ್ಲೆಯ ಸುತ್ತ ಹೊಸ ಬೆಸುಗೆ ಬೆಳ್ಳಗೆ ಹೊಳೆಯುತ್ತಿತ್ತು.

ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ವಯಸ್ಸಾದ ಮೇಲೆ ನಿಮ್ಮ ಕೈಗೆ ಬಲ ಬಂದಿರಬೇಕು ಅತ್ತೆ, ಅದಕ್ಕೇ ಹಗುರ ಅನ್ನಿಸುತ್ತದೆ ಎಂದಳು. ಅವಳ ನಾಲಿಗೆ ಹಾಗೆಯೇ. ಎರಡನ್ನೂ ಚೀಲಕ್ಕೆ ಹಾಕಿ ಮೂಲೆಯ ಕಿರಾಣಿ ಅಂಗಡಿಗೆ ಹೋಗಿ ತೂಕದ ಕಾಟಾದ ಮೇಲೆ ಇಡಿಸಿದೆ. ನನಗೆ ಅಕ್ಷರ ತಡವರಿಸುತ್ತವೆ, ಅಂಕಿ ತಡವರಿಸುವುದಿಲ್ಲ. ಮನೆಯದು ಎರಡು ಕಿಲೋ ಮುನ್ನೂರು. ಬಂದದ್ದು ಒಂದು ಕಿಲೋ ನಾನೂರು.

ಹಿಂದೆ ಒಂದು ಸಲ ಹೊಸ್ತಿಲಿಗೆ ಬಿದ್ದು ಆಳಂದಕ್ಕೆ ಹೋದ ಶಮಾದಾನದ ಪಾದಕ್ಕೆ ಹುಣಸೆಬೀಜದಷ್ಟು ತಗ್ಗು ಬಿದ್ದಿತ್ತು. ಆ ತಗ್ಗು ಬಂದದ್ದರಲ್ಲೂ ಇತ್ತು. ಅದು ಅದೇ ಜಾಗದಲ್ಲಿದೆ, ಹಾಗಾದರೆ ಸಾಮಾನೂ ಅದೇ ಎಂದು ಸೊಸೆ ವಾದಿಸಿದಳು. ಭಾಂಡೆ ಅಂಗಡಿಯವರಿಗೆ ಒಂದು ತಗ್ಗು ಹೊಡೆಯುವುದು ಎಷ್ಟು ಹೊತ್ತಿನ ಕೆಲಸ ಎಂದು ನಾನು ಕೇಳಿದೆ. ಅವಳು ಹಣೆ ಬಡಿದುಕೊಂಡು ಒಳಗೆ ಹೋದಳು. ಆದರೆ ನನ್ನ ತಲೆಯಲ್ಲಿ ಎಲ್ಲ ಸರಿಯಾಗಿ ಜೋಡಿಸಿಕೊಂಡಿತ್ತು. ಗಟ್ಟಿಯದನ್ನು ಇಟ್ಟುಕೊಂಡು, ಅದೇ ಅಚ್ಚಿನ ಪೊಳ್ಳನ್ನು ಮಾಡಿಸಿ, ತಗ್ಗನ್ನೂ ಹೊಡೆಸಿ, ಬಾಯಿ ಮುಚ್ಚಲು ಬೇಳೆ ಕಳಿಸಿದ್ದಾರೆ. ಹನ್ನೆರಡು ದಿನ ಸುಮ್ಮನೆ ಹಿಡಿಯುತ್ತದೆಯೇ?

ಮಗಳಿಗೆ ಫೋನು ಮಾಡಿದೆ. ನೇರ ಕೇಳಲಿಲ್ಲ. ಶಮಾದಾನ ಬಂತು, ಬಹಳ ಹೊಳೆಯುತ್ತದೆ, ಯಾರು ತೊಳೆದರು ಎಂದು ಸುತ್ತಿ ಬಳಸಿ ಕೇಳಿದೆ. ಫೋನಿನಲ್ಲಿ ಅವರ ಮನೆಯ ಮಿಕ್ಸರಿನ ಸದ್ದು ಕೇಳಿಸುತ್ತಿತ್ತು. ಅವಳು ದನಿ ತಗ್ಗಿಸಿ ಹೇಳಿದಳು.

"ಅವ್ವಾ, ಅದರ ಸುದ್ದಿ ತೆಗಿಬ್ಯಾಡ. ಎರಡ ತಿಂಗಳಿಗೆ ಹುಡುಗಿ ಮದಿವಿ ಅದ. ನೀ ಜಗಳ ಮಾಡಿ ಬಸ್ ಹತ್ತಿ ಹೋಗ್ತಿ, ಈ ಮನ್ಯಾಗ ಇರಾಕಿ ನಾನು."

ಅಲ್ಲಿಗೆ ನನಗೆ ಖಾತ್ರಿಯಾಯಿತು. ಇವಳಿಗೆ ಗೊತ್ತಿದೆ. ಗೊತ್ತಿದ್ದೂ ಮುಚ್ಚುತ್ತಿದ್ದಾಳೆ. ಕದ್ದವರ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚು ಸಿಟ್ಟು ಮಗಳ ಮೇಲೆ ಬಂತು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಬಾಯಿ ಬಿಟ್ಟರೆ ಮದುವೆಯ ಮನೆಯಲ್ಲಿ ಎರಡು ಪಂಗಡ ಆಗುತ್ತವೆ, ಮಗಳು ನಡುವೆ ನಿಲ್ಲಬೇಕಾಗುತ್ತದೆ. ಬಾಯಿ ಬಿಡದಿದ್ದರೆ, ನನ್ನ ತವರಿನ ತೂಕ ಆಳಂದದ ಯಾವುದೋ ಅಂಗಡಿಯ ಅಟ್ಟದ ಮೇಲೆ ಕೂತಿರುತ್ತದೆ, ನಾನು ಪೊಳ್ಳನ್ನು ದೇವರ ಮುಂದೆ ಇಟ್ಟುಕೊಂಡು ಸಾಯಬೇಕು.

ನಾಲ್ಕು ದಿನ ಸುಮ್ಮನಿದ್ದೆ. ನನಗೆ ಅದೇ ಬಹಳ. ಐದನೆಯ ದಿನ ಎರಡೂ ಶಮಾದಾನ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಎರಡನ್ನೂ ಕೂಡಿ ಹೊರಗೆ ಒಯ್ಯಬಾರದು ಎಂಬ ಕಟ್ಟಳೆ ಆ ದಿನ ಮುರಿಯಿತು. ಒಂದು ಇಟ್ಟು ಹೋದರೆ ಸಾಕ್ಷಿ ಹೇಗೆ ಹೇಳುವುದು. ಕಲಬುರಗಿಯಲ್ಲಿ ಇಳಿದು ಆಳಂದದ ಬಸ್ಸು ಹಿಡಿಯಬೇಕು. ಹೆಂಗಸರಿಗೆ ಪುಕ್ಕಟೆ ಆದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಪ್ಪಿಕೊಂಡು ಕೂತೆ. ಪಕ್ಕದವಳು ಅದರಲ್ಲಿ ಏನಿದೆ ಎಂದು ಕೇಳಿದಳು, ಗೋವಿನಜೋಳ ಎಂದೆ. ಇಷ್ಟು ಗಟ್ಟಿ ಗೋವಿನಜೋಳವೇ ಎಂದು ಬಸ್ಸಿನ ಕುಲುಕಿಗೆ ಪಕ್ಕೆ ಚುಚ್ಚಿಸಿಕೊಂಡವಳು ಗೊಣಗಿದಳು.

ನಾನು ಹೋಗುವಾಗ ಬೀಗತಿ ಹಿತ್ತಲ ಒಲೆಯ ಮೇಲೆ ರೊಟ್ಟಿ ಬಡಿದು ಮುಗಿಸಿ ಕೈ ತೊಳೆಯುತ್ತಿದ್ದಳು. ಅವರ ಮನೆಯಲ್ಲಿ ಗ್ಯಾಸು ಇದ್ದರೂ ರೊಟ್ಟಿಗೆ ಕಟ್ಟಿಗೆಯ ಒಲೆಯೇ ಬೇಕು. ಮಗಳು ನನ್ನ ಚೀಲ ನೋಡಿದಳು, ನನ್ನ ಮುಖ ನೋಡಿದಳು, ಚಹಾ ತಂದಿಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಮೊಮ್ಮಗಳು ಟೇಲರ್ ಹತ್ತಿರ ಹೋಗಿದ್ದಳು, ಒಳ್ಳೆಯದೇ ಆಯಿತು. ಮಳೆ, ತೊಗರಿ, ಮದುವೆಯ ಸೀರೆ ಎಲ್ಲ ಮಾತು ಆಯಿತು. ನಾನು ಚಹಾ ಮುಟ್ಟಲಿಲ್ಲ. ಎರಡೂ ಶಮಾದಾನ ಚೀಲದಿಂದ ತೆಗೆದು ಅವಳ ಮುಂದೆ ನೆಲದ ಮೇಲೆ ಇಟ್ಟೆ.

"ಬೀಗ್ರ, ಜರಾ ಇವನ್ನ ಎತ್ತಿ ನೋಡ್ರಿ" ಎಂದೆ.

ಅವಳು ಒಂದನ್ನು ಎತ್ತಿದಳು, ಇನ್ನೊಂದನ್ನು ಎತ್ತಿದಳು, ಇಟ್ಟಳು. ಏನು ಎಂದು ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಇನ್ನೊಂದು ಸಾಕ್ಷಿ. ಎದ್ದು ಒಳಗೆ ಹೋದಳು. ಗಟ್ಟಿಯ ಶಮಾದಾನ ತರಲು ಹೋದಳು, ಸಿಕ್ಕಿಬಿದ್ದಳು ಎಂದುಕೊಂಡೆ. ಅವಳು ತಂದದ್ದು ಒಂದು ಬಿಸ್ಕೀಟಿನ ಡಬ್ಬಿ. ಅದರೊಳಗೆ ಪೇಪರಿನಲ್ಲಿ ಸುತ್ತಿದ ಕಪ್ಪು ಗಡ್ಡೆ, ಬೆಲ್ಲದ ಪೆಂಟೆಯ ಹಾಗೆ ಇತ್ತು. ಅದನ್ನು ಹಗುರಾದ ಶಮಾದಾನದ ಪಕ್ಕ ಇಟ್ಟಳು.

"ತಗೋರಿ. ನಿಮ್ಮ ಹಿತ್ತಾಳಿ ಇದ ನೋಡ್ರಿ. ನಾ ಏನೂ ಕದ್ದಿಲ್ಲ, ನಿಮ್ಮ ಮನಿ ಮಾನ ಡಬ್ಬ್ಯಾಗ ಮುಚ್ಚಿ ಇಟ್ಟೇನಿ."

ಮೇಣ ಹೋಗುತ್ತಿರಲಿಲ್ಲವಂತೆ. ಎಣ್ಣೆಯ ಜಿಡ್ಡಾದರೆ ಬೂದಿಗೆ ಹೋಗುತ್ತದೆ. ಮೇಣ ಇವರ ಮನೆಯಲ್ಲಿ ಯಾರು ತೊಳೆದಿದ್ದರು? ಉಗುರಿನಿಂದ ಕೆರೆದಳು, ಹುಣಸೆಹಣ್ಣು ಹಾಕಿದಳು, ಗಣಿಕೆಗಳ ಸಂದಿಯಲ್ಲಿ ಹಾಗೇ ಉಳಿಯಿತು. ಕೊನೆಗೆ ರೊಟ್ಟಿ ಮುಗಿದ ಮೇಲೆ ಬಿಸಿ ಹಂಚಿನ ಮೇಲೆ ನಿಲ್ಲಿಸಿದಳು, ಹೆಪ್ಪುಗಟ್ಟಿದ ತುಪ್ಪದ ಡಬ್ಬಿಯನ್ನು ನಿಲ್ಲಿಸುವ ಹಾಗೆ. ಬುಡ ಕಾದರೆ ಬಿಸಿ ಮೇಲಕ್ಕೆ ಹತ್ತಿ ಮೇಣ ಕರಗುತ್ತದೆ ಎಂದು ಅವಳ ಲೆಕ್ಕ. ಮೇಣ ಕರಗುವ ಮೊದಲೇ ಅಡಿಯ ಬಿಲ್ಲೆಯ ಸಂದಿಯಿಂದ ಕಪ್ಪಗೆ ಏನೋ ಹರಿಯಿತು. ಹೊಗೆ ಎದ್ದಿತು, ಅಕ್ಕಸಾಲಿಗನ ಅಂಗಡಿಯ ವಾಸನೆ ಬಂತು. ಕೆಳಗಿಳಿಸುವಷ್ಟರಲ್ಲಿ ಬಿಲ್ಲೆ ಕಳಚಿ ಎಲ್ಲ ಹೊರಗೆ. ಅರಗು, ಇಟ್ಟಂಗಿ ಪುಡಿ, ಉಸುಕು. ಪೊಳ್ಳು ಹಿತ್ತಾಳೆಗೆ ಭಾರ ಬರಲಿ, ಉರುಳದೆ ನಿಲ್ಲಲಿ ಎಂದು ಮಾಡಿದವನೇ ತುಂಬಿದ್ದ. ಬಿಲ್ಲೆಯನ್ನು ಅವಳ ತಮ್ಮ ತನ್ನ ಅಂಗಡಿಯಲ್ಲಿ ಬೆಸೆದುಕೊಟ್ಟ.

ನಾನು ನಂಬಲಿಲ್ಲ. ಅರಗಿನ ಗಡ್ಡೆ ಎಲ್ಲಿ ಬೇಕಾದರೂ ಸಿಗುತ್ತದೆ ಎಂದೆ. ಹೌದು, ಬಾಯಿ ಬಿಟ್ಟು ಅಂದುಬಿಟ್ಟೆ. ಒಳಗೆ ಪಾತ್ರೆಯ ಸದ್ದು ನಿಂತಿತು.

ಬೀಗತಿ ದನಿ ಏರಿಸಲಿಲ್ಲ. ನನ್ನ ಕುತ್ತಿಗೆಯ ಕಡೆ ಬೆರಳು ತೋರಿಸಿದಳು. "ನಿಮ್ಮ ಕೊಳ್ಳಾಗಿನ ಬೋರಮಾಳದಾಗ ಏನ ತುಂಬ್ಯಾದ್ರಿ ಬೀಗ್ರ?"

ಬೋರಮಾಳ ಅಂದರೆ ಬಾರಿಹಣ್ಣಿನ ಗಾತ್ರದ ಬಂಗಾರದ ಗುಂಡಿನ ಸರ. ಮೇಲೆ ಹಾಳೆಯಂಥ ಬಂಗಾರ, ಒಳಗೆ ಅರಗು. ನಮ್ಮ ಕಡೆ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಮಾತು. ಅದಕ್ಕೇ ಒಲೆಯ ಮುಂದೆ ಕೂರುವಾಗ ಬೋರಮಾಳವನ್ನು ಸೆರಗಿನೊಳಗೆ ಹಾಕಿಕೊಳ್ಳುತ್ತೇವೆ. ಬಂಗಾರಕ್ಕೆ ಅರಗು ತುಂಬುತ್ತಾರೆ ಎಂದು ಗೊತ್ತಿದ್ದ ನನಗೆ ಹಿತ್ತಾಳೆಗೂ ತುಂಬಿರಬಹುದು ಎಂದು ಐವತ್ತು ವರ್ಷ ತಿಕ್ಕಿದರೂ ಹೊಳೆಯಲಿಲ್ಲ.

ಅವಳು ಮುಂದುವರಿಸಿದಳು. ತನಗೂ ಮೊದಲು ನನ್ನ ಮೇಲೆ ಶಕ ಬಂದಿತ್ತಂತೆ, ನನ್ನಂಥದೇ ಗುಮಾನಿ. ಮೊದಲೇ ಕೆಟ್ಟ ಮಾಲು ಕೊಟ್ಟು, ಆಮೇಲೆ ನೀವೇ ಕೆಡಿಸಿದಿರಿ ಎಂದು ಇವರ ಮೇಲೆ ಹಾಕುವವಳು ನಾನು ಎಂದು. ಅದಕ್ಕೇ ಗಡ್ಡೆಯನ್ನು ಚೆಲ್ಲದೆ ಡಬ್ಬಿಗೆ ಹಾಕಿ ಇಟ್ಟಳು, ಸಾಕ್ಷಿ ಇರಲಿ ಎಂದು. ಹೇಳೋಣ ಎಂದುಕೊಂಡರೆ, ಬಂದಾಗಲೆಲ್ಲ ಗಟ್ಟಿ ಹಿತ್ತಾಳೆ, ಗಟ್ಟಿ ತವರು ಎಂದು ನಾನು ಕೊಚ್ಚಿಕೊಂಡದ್ದು ನೆನಪಾಯಿತಂತೆ.

"ಹೇಳಿದ್ರ ನಿಮ್ಮ ಮಾರಿ ಸಣ್ಣದಾಗ್ತಿತ್ತು. ಸೊಸಿ ಅತ್ತಳು, ನಮ್ಮವ್ವಗ ಹೇಳಬ್ಯಾಡ್ರಿ ಅಂತ. ಆಕಿ ಮಾರಿ ನೋಡಿ ಸುಮ್ನಾದೆ. ಬ್ಯಾಳಿ ಕಳಿಸ್ದೆ."

ಆಗಲಾದರೂ ನಾನು ಸುಮ್ಮನಾಗಬೇಕಿತ್ತು. ಆದರೆ ಗುಮಾನಿ ಎಂಬುದು ಜಿಗಟು, ಮೇಣಕ್ಕಿಂತ ಜಿಗಟು. ಗಡ್ಡೆ ಅದರೊಳಗಿನದೇ ಇರಬಹುದು, ಇಲ್ಲದಿರಬಹುದು, ಈಗಲೇ ತಿಳಿಯಲಿ ಎಂದು ಭಾರದ ಶಮಾದಾನ ಎತ್ತಿಕೊಂಡೆ. ಹಿತ್ತಲ ಒಲೆಯಲ್ಲಿ ಕೆಂಡ ಇನ್ನೂ ಇತ್ತು, ಹಂಚು ಮೇಲೇ ಇತ್ತು. ಇದರೊಳಗೂ ಕಪ್ಪು ಬಂದರೆ ನೀವು ಗೆದ್ದಿರಿ ಎಂದೆ. ಬೀಗತಿ ಕುಳಿತಲ್ಲಿಂದಲೇ ಕೈ ಅಡ್ಡ ಮಾಡಿದಳು.

"ಬ್ಯಾಡ್ರಿ. ಒಂದರ ಉಳೀಲಿ."

ನಾನು ಹೋದೆ. ಮಗಳು ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಒಲೆಯ ಮುಂದೆ ಬಗ್ಗಿದೆ. ಬಿಸಿ ಮುಖಕ್ಕೆ ಬಡಿಯಿತು. ಅಲ್ಲಿ ನನ್ನ ಕೈ ನಿಂತುಬಿಟ್ಟಿತು. ದಯೆಯಿಂದ ಅಲ್ಲ. ಶಮಾದಾನ ಹಿಡಿದ ಕೈ ಒಲೆಯ ಕಡೆ ಹೋದದ್ದು ದೊಡ್ಡವಳಾದ ಮೇಲೆ ಅದೇ ಮೊದಲು. ಅವ್ವ ಬಿಡುತ್ತಿರಲಿಲ್ಲ. ಒಮ್ಮೆ ಸಣ್ಣವಳಿದ್ದಾಗ ಒಲೆಯ ಕಟ್ಟೆಯ ಮೇಲೆ ಇಟ್ಟದ್ದಕ್ಕೆ ಬೆನ್ನಿಗೆ ಬಿದ್ದ ಏಟು ಈಗ ನೆನಪಾಯಿತು. ದೇವರ ಸಾಮಾನು ಎಂದು ಹೇಳಿ ಹೊಡೆದಿದ್ದಳು. ದೇವರ ಮುಂದಿನ ಆರತಿ ತಟ್ಟೆ, ತಂಬಿಗೆ ಎಲ್ಲ ದಿನವೂ ಒಲೆಯ ಬದಿಗೇ ಬಿದ್ದಿರುತ್ತಿದ್ದವು, ಅವಕ್ಕೆ ಈ ಕಟ್ಟಳೆ ಇರಲಿಲ್ಲ. ಬಿಸಿನೀರು ಬೇಡ, ಬಿಸಿಲು ಬೇಡ, ಒಲೆ ಬೇಡ. ಮೂರೂ ಶಮಾದಾನಕ್ಕೆ ಮಾತ್ರ.

ಅವ್ವನಿಗೆ ಗೊತ್ತಿತ್ತು.

ಒಳಗೆ ಏನಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಗಟ್ಟಿ ಎಂದು ನನ್ನ ಜೊತೆಗೆ ಕಳಿಸಿದಳು. ನಮ್ಮ 'ಕೈಗೆ ಕೇಳು' ಎಂಬ ಮಾತು ನೋಡಿ. ಕೈಗೆ ಮೋಸ ಮಾಡುವ ಸಾಮಾನನ್ನೇ ಕೈಯಲ್ಲಿ ಇಟ್ಟು ಆ ಮಾತು ಕಲಿಸಿದ್ದಳು. ತೆಳ್ಳಗಿನ ತಂಬಿಗೆಯ ಜೊತೆ ಮಗಳನ್ನು ಗಂಡನ ಮನೆಗೆ ಕಳಿಸುವವಳು ಇನ್ನೇನು ಮಾಡಬೇಕಿತ್ತು, ಅದೂ ಇರಲಿ. ನಾನು ಅವಳನ್ನು ಬೈಯುವುದಿಲ್ಲ, ಹೊಗಳುವುದೂ ಇಲ್ಲ. ಆದರೆ ಮೊಮ್ಮಗಳಿಗೆ ಕಳ್ಳರ ಬಗ್ಗೆ ಹತ್ತು ಮಾತು ಹೇಳಿದ ನಾನು ಒಲೆಯ ಬಗ್ಗೆ ಒಂದು ಮಾತು ಹೇಳಿದ್ದರೆ ಬೀಗತಿ ಹಂಚಿನ ಮೇಲೆ ಇಡುತ್ತಿರಲಿಲ್ಲ. ಶಮಾದಾನ ಕೆಡಿಸಿದವಳು ನಾನು.

ವಾಪಸ್ ಬಂದು ನೆಲಕ್ಕೆ ಇಟ್ಟೆ. ಬೀಗತಿ ಕೇಳಿದಳು, ನಿಮ್ಮವ್ವ ಏನೂ ಹೇಳಿರಲಿಲ್ಲವೇ ಎಂದು. ಹೇಳಿದ್ದಳು, ನಾನು ಮುಂದೆ ಹೇಳಲಿಲ್ಲ ಎಂದೆ. ತಪ್ಪಾಯಿತು ಎಂಬ ಮಾತು ನನ್ನ ಬಾಯಿಗೆ ಬರುವುದಿಲ್ಲ, ಆ ದಿನವೂ ಬರಲಿಲ್ಲ. ಚಹಾ ಆರಿ ತೊಗಲು ಕಟ್ಟಿತ್ತು, ಅದನ್ನೇ ಕುಡಿದೆ. ಎದ್ದು ಹೊರಡುವಾಗ ಹಗುರಾದ ಶಮಾದಾನವನ್ನೂ ಕಪ್ಪು ಗಡ್ಡೆಯ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡೆ. ಭಾರದ್ದನ್ನು ಅವಳ ಮುಂದೆಯೇ ಬಿಟ್ಟೆ.

ಅದು ಯಾಕೆ ಎಂದು ಅವಳು ಕೇಳಿದಳು.

"ಮದಿವಿಗಿ ಬೇಕಾಗ್ತದ, ಇರಲಿ. ಮದಿವಿ ಆದ ಮ್ಯಾಲೂ ಇಲ್ಲೇ ಇರಲಿ. ಒಲಿ ಹಂತ್ಯಾಕ ಒಯ್ಯಬ್ಯಾಡ್ರಿ."

ಮಗಳು ಬಸ್ ಸ್ಟ್ಯಾಂಡಿನವರೆಗೆ ಬಂದಳು. ಬಸ್ಸು ಹತ್ತುವಾಗ, ಅವ್ವಾ, ನನ್ನ ಮ್ಯಾಲೂ ಶಕ ಪಟ್ಟಿದ್ದಿ ಹೌದಿಲ್ಲೋ ಎಂದು ಮೆಲ್ಲಗೆ ಕೇಳಿದಳು. ಹೌದು ಎಂದೆ. ಸುಳ್ಳು ಹೇಳಿ ಏನು ಉಪಯೋಗ. ಅವಳು ತಲೆ ಆಡಿಸಿ, ಕಿಟಕಿಯಿಂದ ನನ್ನ ಚೀಲ ಒಳಗೆ ಕೊಟ್ಟಳು. ಆ ವಾರ ಅವಳು ಫೋನು ಮಾಡಲಿಲ್ಲ. ಮುಂದಿನ ವಾರ ಮಾಡಿದಳು, ಮದುವೆಯ ಸೀರೆಯ ಬಣ್ಣ ಕೇಳಲು.

ಜೇವರ್ಗಿಗೆ ಬಂದು ಮಾರನೆಯ ದಿನ ಪೊಳ್ಳು ಶಮಾದಾನವನ್ನೂ ಗಡ್ಡೆಯನ್ನೂ ಕಿರಾಣಿ ಅಂಗಡಿಯ ಕಾಟಾಕ್ಕೆ ಹಾಕಿಸಿದೆ. ಎರಡೂ ಕೂಡಿ ಎರಡು ಕಿಲೋ ಇನ್ನೂರಾ ಐವತ್ತು. ಆಳಂದದಲ್ಲಿ ಬಿಟ್ಟ ಭಾರದ್ದು ಎರಡು ಕಿಲೋ ಮುನ್ನೂರು ಇತ್ತು. ಐವತ್ತು ಗ್ರಾಂ ಎಲ್ಲಿ ಹೋಯಿತು ಎಂದು ಬೀಗತಿಗೆ ಫೋನು ಮಾಡಿ ಕೇಳಿದೆ. ಒಲೆಯಲ್ಲಿ ಬಿದ್ದು ಸುಟ್ಟಿರಬೇಕು, ಬೂದಿ ಜರಡಿ ಹಿಡಿದು ಕಳಿಸಲೇ ಎಂದಳು. ಬೇಡ ಎಂದೆ. ಸುಟ್ಟಿರಬಹುದು. ಅರಗು ಸುಡುತ್ತದೆ.

ಮದುವೆಯಲ್ಲಿ ಎರಡೂ ಶಮಾದಾನ ಅಕ್ಕಪಕ್ಕ ನಿಂತವು, ನಾನು ನನ್ನದನ್ನು ಒಯ್ದಿದ್ದೆ. ಈ ಸಲ ಮೊಮ್ಮಗಳು ಕೊಳವೆಗೆ ಸೆಲ್ಲಿನ ಬತ್ತಿ ಸಿಗಿಸಿದ್ದಳು. ಉರಿಯದ ಬೆಂಕಿ, ಸುರಿಯದ ಮೇಣ. ದೂರದಿಂದ ನೋಡಿದರೆ ಯಾವುದು ತುಂಬಿದ್ದು, ಯಾವುದು ಪೊಳ್ಳು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮಿಬ್ಬರು ಮುದುಕಿಯರನ್ನು ಅದರ ಹತ್ತಿರದ ಕುರ್ಚಿಗಳಲ್ಲೇ ಕೂರಿಸಿದರು. ಅಕ್ಷತೆ ಬಿದ್ದು, ಜನ ಊಟಕ್ಕೆ ಏಳುವ ಗದ್ದಲದಲ್ಲಿ ನಾನು ಮೆಲ್ಲಗೆ ಎದ್ದು ಹೋಗಿ ಆಳಂದದಲ್ಲಿ ಬಿಟ್ಟಿದ್ದ ಶಮಾದಾನವನ್ನು ಎರಡೂ ಕೈಯಲ್ಲಿ ಒಂದು ಬೆರಳಿನಷ್ಟು ಎತ್ತಿ, ಒಂದು ಉಸಿರು ನಿಂತೆ.

"ಏನ್ರಿ ಬೀಗ್ರ" ಎಂದಳು ಹಿಂದಿನಿಂದ ಬೀಗತಿ. "ಕೈ ಏನಂತ?"

"ಸರಿ ಅದ ಅಂತು" ಎಂದು ಇಟ್ಟೆ.

ಅವಳು ನನ್ನ ಪೊಳ್ಳು ಶಮಾದಾನದ ಹತ್ತಿರ ಹೋಗಿ ಅದನ್ನೂ ಎತ್ತಿ ನೋಡಿದಳು. ಆಮೇಲೆ ಇಬ್ಬರೂ ಊಟಕ್ಕೆ ಹೋದೆವು.